ಸಲಹೆ ಕೇಳುವವನ ಧರ್ಮ

ಕಳೆದ ಸಲ ವಿಶ್ವಾರಾಧ್ಯರ ಜಾತ್ರೆಯ ದಿನ ಅಬ್ಬೆತುಮಕೂರಿನ ಮಠದ ಅಂಗಳದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬ ಎದುರಾಗಿ ಕಾಲು ಮುಟ್ಟಿ ನಮಸ್ಕರಿಸಿದ. ಬೆಂಗಳೂರಿನಲ್ಲಿ ಏನು ಉದ್ಯೋಗವೆಂದು ವಿಚಾರಿಸಿದೆ. "ಕನ್ಸಲ್ಟೆಂಟ್ ಅದೀನ್ರಿ ಸರ್" ಎಂದ. ಜೊತೆಯಲ್ಲಿದ್ದ ನನ್ನ ಭಾವಮೈದುನ, "ಅಂದ್ರ ಏನ್ ಮಾಡ್ತೀಯಪಾ?" ಎಂದು ಕೇಳಿದ. ಹುಡುಗ ಸ್ವಲ್ಪ ಯೋಚಿಸಿ, "ಕಂಪನಿಗೋಳಿಗೆ ತೊಂದ್ರಿ ಬಂದ್ರ ಹೆಂಗ ಸರಿ ಮಾಡ್ಕೋಬೇಕು ಅಂತ ಹೇಳ್ತೀವ್ರಿ ಕಾಕಾ" ಎಂದ. "ಅದನ್ನ ಹೇಳ್ಲಿಕ್ಕೂ ರೊಕ್ಕ ಕೊಡ್ತಾರೇನು?" ಎಂದು ಭಾವಮೈದುನ ನಕ್ಕ. ಸುತ್ತಲಿದ್ದವರೂ ನಕ್ಕರು, ಹುಡುಗನೂ ನಕ್ಕ.

ಆ ನಗೆಯಲ್ಲಿ ಕೆಡುಕಿರಲಿಲ್ಲ. ಆದರೂ ನನಗೆ ನಗು ಬರಲಿಲ್ಲ. ಅದೇ ಉದ್ಯೋಗದಲ್ಲಿದ್ದ ಇನ್ನೊಬ್ಬ ಶಿಷ್ಯನಿಗೆ ನಾನು ಎಸಗಿದ ಒಂದು ಅಪಚಾರ ನೆನಪಾಯಿತು. ಅದನ್ನು ಇಲ್ಲಿ ಬರೆಯಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ; ಬರೆಯಲು ಕೂತಾಗಲೆಲ್ಲ ಬೇರೇನೋ ವಿಷಯ ಎತ್ತಿಕೊಂಡು ತಪ್ಪಿಸಿಕೊಳ್ಳುತ್ತಿದ್ದೆ. ಈ ಸಲ ಬರೆಯುತ್ತೇನೆ.

ಆಡಳಿತ ಸಲಹೆಗಾರರನ್ನು ಹಾಸ್ಯ ಮಾಡುವುದು ಸುಲಭ. ಕೋಟು ತೊಟ್ಟು ಬರುತ್ತಾರೆ, ನಮಗೆ ಗೊತ್ತಿದ್ದದ್ದನ್ನೇ ಇಂಗ್ಲಿಷಿನಲ್ಲಿ ಬರೆದುಕೊಡುತ್ತಾರೆ, ಶುಲ್ಕ ಪಡೆದು ಹೋಗುತ್ತಾರೆ ಎಂಬ ಮಾತು ಎಲ್ಲೆಡೆ ಕೇಳಿಬರುತ್ತದೆ. ಇದರಲ್ಲಿ ಸತ್ಯಾಂಶವಿಲ್ಲವೆಂದು ನಾನು ಹೇಳುವುದಿಲ್ಲ. ಆದರೆ ಕೆಟ್ಟುಹೋದ ಸಲಹೆಯ ದೋಷದಲ್ಲಿ ಅರ್ಧದಷ್ಟಾದರೂ ಅದನ್ನು ಕೇಳಿದವರದು ಎಂಬುದು ನನ್ನ ಅಭಿಪ್ರಾಯ. ಹೇಳುವವನಿಗೆ ಒಂದು ಧರ್ಮವಿರುವಂತೆ ಕೇಳುವವನಿಗೂ ಒಂದು ಧರ್ಮವಿದೆ. ನಾವು ಅದರ ಬಗ್ಗೆ ಮಾತನಾಡುವುದೇ ಇಲ್ಲ.

ಕೇಳಿದವರೂ ಹೇಳಿದವರೂ ತಮ್ಮ ತಮ್ಮ ಧರ್ಮವನ್ನು ನಡೆಸಿದರೆ ಏನಾಗುತ್ತದೆಂಬುದಕ್ಕೆ ನಮ್ಮ ಸೀಮೆಯ ಇತಿಹಾಸದಲ್ಲಿಯೇ ಒಂದು ನಿದರ್ಶನವಿದೆ. ಯಾದಗಿರಿ, ಶಹಾಪುರ, ಸುರಪುರಗಳು ಹೈದರಾಬಾದು ಸಂಸ್ಥಾನಕ್ಕೆ ಸೇರಿದ್ದ ಕಾಲವದು. 1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಹೈದರಾಬಾದು ನಗರವನ್ನು ನುಗ್ಗಿ ಹಾಳುಮಾಡಿತು. ಸಾವಿರಾರು ಜನ ಸತ್ತರು, ಮನೆಗಳಿಗಂತೂ ಲೆಕ್ಕವಿಲ್ಲ. ಆಗ ನಿಜಾಮರ ಸರ್ಕಾರ ಕರೆಸಿಕೊಂಡದ್ದು ಸರ್ ಎಂ. ವಿಶ್ವೇಶ್ವರಯ್ಯನವರನ್ನು. ಮುಂಬಯಿ ಪ್ರಾಂತದ ಸರ್ಕಾರಿ ಸೇವೆಯನ್ನು ತಾವಾಗಿಯೇ ಬಿಟ್ಟು ಅವರು ಯುರೋಪಿನ ಪ್ರವಾಸದಲ್ಲಿದ್ದರು. 1909ರ ಏಪ್ರಿಲಿನಲ್ಲಿ ವಿಶೇಷ ಸಲಹೆಗಾರ ಎಂಜಿನಿಯರರಾಗಿ ಹೈದರಾಬಾದಿಗೆ ಬಂದರು. ಇಂದಿನ ಭಾಷೆಯಲ್ಲಿ ಹೇಳುವುದಾದರೆ ಅವರು ಕನ್ಸಲ್ಟೆಂಟ್, ನಿಜಾಮರ ಸರ್ಕಾರವೇ ಕ್ಲೈಂಟ್.

ಕರೆದವರು "ನಮ್ಮ ಊರು ಕೆಟ್ಟಿದೆ, ಸರಿಮಾಡಿ" ಎಂದಷ್ಟೇ ಹೇಳಿ ಕೈತೊಳೆದುಕೊಳ್ಳಲಿಲ್ಲ. ಹಾಳಾದ ನಗರವನ್ನು ಮತ್ತೆ ಕಟ್ಟಲು ನೆರವಾಗುವುದು, ಮುಂದೆ ಪ್ರವಾಹ ಬಾರದಂತೆ ಉಪಾಯ ಸೂಚಿಸುವುದು, ಚರಂಡಿ ವ್ಯವಸ್ಥೆಗೆ ಪೂರ್ಣ ಯೋಜನೆ ಸಿದ್ಧಪಡಿಸುವುದು ಎಂದು ಮೂರು ಕೆಲಸಗಳನ್ನು ಬಿಡಿಸಿ ಹೇಳಿದರು. ಬಂದವರೂ ಮೊದಲ ದಿನವೇ ಉತ್ತರ ಹೇಳಲಿಲ್ಲ. ಮಳೆಯ ಅಂಕಿಗಳನ್ನು ಕಲೆಹಾಕಿದರು, ನದಿಯ ಜಲಾನಯನವನ್ನು ಪರಿಶೀಲಿಸಿದರು. ಅಲ್ಲಿ ಸುಮಾರು 800 ಕೆರೆಗಳಿದ್ದವು. ಮೇಲಿನ ಕೆರೆ ಒಡೆದು ಕೆಳಗಿನ ಕೆರೆಗೆ ನುಗ್ಗಿ ಅದನ್ನೂ ಒಡೆಸಿ, ಹೀಗೆ 200ಕ್ಕೂ ಹೆಚ್ಚು ಕೆರೆಗಳು ಒಡೆದುದರಿಂದ ನೀರಿನ ಆವೇಗ ಅಷ್ಟಾಯಿತೆಂಬುದು ತಿಳಿಯಿತು. ಅದೇ ವರ್ಷದ ಅಕ್ಟೋಬರ್ ವೇಳೆಗೆ ವರದಿ ಸಿದ್ಧವಾಯಿತು. ನಗರದ ಮೇಲ್ಭಾಗದಲ್ಲಿ ಮೂಸಿಗೂ ಅದರ ಉಪನದಿ ಈಸಿಗೂ ಒಂದೊಂದು ಜಲಾಶಯ ಕಟ್ಟಿ ಪ್ರವಾಹವನ್ನು ತಡೆದಿಡಬೇಕೆಂಬುದು ಅದರ ಮುಖ್ಯ ಸಲಹೆ. ನವೆಂಬರಿನಲ್ಲಿ ವಿಶ್ವೇಶ್ವರಯ್ಯನವರು ಮುಖ್ಯ ಎಂಜಿನಿಯರರಾಗಿ ಮೈಸೂರಿಗೆ ಹೊರಟುಹೋದರು. ಅವರು ಅಲ್ಲಿದ್ದದ್ದು ಸುಮಾರು ಏಳು ತಿಂಗಳು ಮಾತ್ರ.

ನಾವು ಮಕ್ಕಳಿಗೆ ಪಾಠ ಹೇಳುವಾಗ ಕಥೆಯನ್ನು ಇಲ್ಲಿಗೆ ಮುಗಿಸುತ್ತೇವೆ. ನಾನೂ ಎಷ್ಟೋ ವರ್ಷ ಹಾಗೆಯೇ ಮುಗಿಸಿದ್ದೇನೆ. ಆದರೆ ಈಗ ನನಗೆ ಮುಖ್ಯವೆನಿಸುವುದು ಅವರು ಹೋದ ಮೇಲಿನ ಕಥೆ. 1911ರಲ್ಲಿ ನಿಜಾಮ ಮಹಬೂಬ್ ಅಲಿ ಖಾನರು ತೀರಿಕೊಂಡರು. ಉಸ್ಮಾನ್ ಅಲಿ ಖಾನರು ಪಟ್ಟಕ್ಕೆ ಬಂದರು. ದೊರೆ ಬದಲಾದರೂ ಸಲಹೆ ಕಪಾಟು ಸೇರಲಿಲ್ಲ. 1912ರಲ್ಲಿ ನಗರ ಸುಧಾರಣಾ ಮಂಡಳಿ ಸ್ಥಾಪನೆಯಾಯಿತು. ಮೂಸಿಯ ಮೇಲಿನ ಉಸ್ಮಾನ್ ಸಾಗರ ಪೂರ್ಣಗೊಂಡದ್ದು 1920ರಲ್ಲಿ, ಈಸಿಯ ಮೇಲಿನ ಹಿಮಾಯತ್ ಸಾಗರ 1927ರಲ್ಲಿ. ಅಂದರೆ ಸಲಹೆಗಾರ ಏಳು ತಿಂಗಳು ದುಡಿದ. ಸಲಹೆ ಕೇಳಿದವರು ಹದಿನೆಂಟು ವರ್ಷ ದುಡಿದರು. ಚರಂಡಿಯ ಕೆಲಸಕ್ಕೆ ಸಲಹೆ ಬೇಕಾದಾಗ 1920ರ ದಶಕದಲ್ಲಿ ಅವರನ್ನೇ ಮತ್ತೆ ಕರೆಸಿಕೊಂಡರು. ಕೆಲಸ ಮಾಡಿದವರಿಗೆ ಮಾತ್ರ ಹೀಗೆ ಎರಡನೆಯ ಪ್ರಶ್ನೆ ಹುಟ್ಟುತ್ತದೆ. ತರಗತಿಯಲ್ಲಿಯೂ ನಾನು ಅದನ್ನು ಕಂಡಿದ್ದೇನೆ. ಲೆಕ್ಕವನ್ನು ತಾನೇ ಬಿಡಿಸಲು ಕೂತ ಹುಡುಗ ಮರುದಿನ ಸಂದೇಹ ಹೊತ್ತು ಬರುತ್ತಾನೆ. ಗೈಡ್ ನೋಡಿ ಬರೆದವನಿಗೆ ಸಂದೇಹವೇ ಇರುವುದಿಲ್ಲ.

ಇನ್ನು ನನ್ನ ಕಥೆ.

ನಿವೃತ್ತನಾದ ಬಳಿಕ ನಮ್ಮ ಭಾಗದ ಒಂದು ಸಣ್ಣ ಪತ್ತಿನ ಸಹಕಾರಿ ಸಂಘದ ಆಡಳಿತ ಮಂಡಳಿಗೆ ನನ್ನನ್ನು ನಿರ್ದೇಶಕನಾಗಿ ಸೇರಿಸಿಕೊಂಡರು. ಸಂಘದ ಹೆಸರು ಇಲ್ಲಿ ಬೇಡ. ಮಾಸ್ತರರಿದ್ದರೆ ಜನ ನಂಬುತ್ತಾರೆಂಬುದು ಅವರ ಎಣಿಕೆ, ನಂಬಿದರು ಕೂಡ. ಸಂಘದ ಜೀವಾಳ ಪಿಗ್ಮಿ ಠೇವಣಿ. ಮುಂದೆ ಸಿಂಡಿಕೇಟ್ ಬ್ಯಾಂಕೆಂದು ಹೆಸರಾದ ಉಡುಪಿಯ ಸಂಸ್ಥೆ 1928ರಲ್ಲಿ ಆರಂಭಿಸಿದ ಪದ್ಧತಿಯಿದು. ಏಜೆಂಟರು ದಿನವೂ ಮನೆ, ಅಂಗಡಿಗಳಿಗೆ ಹೋಗಿ ಚಿಕ್ಕ ಚಿಕ್ಕ ಮೊತ್ತವನ್ನು ಸಂಗ್ರಹಿಸಿ ತರುತ್ತಾರೆ. ನಮ್ಮಲ್ಲಿ ನಾಲ್ವರು ಏಜೆಂಟರಿದ್ದರು. ಚಹಾದಂಗಡಿ, ದರ್ಜಿಯಂಗಡಿ, ಕಾಯಿಪಲ್ಯ ಮಾರುವ ಹೆಣ್ಣುಮಕ್ಕಳು, ಹಮಾಲರು ಎಲ್ಲರಿಂದಲೂ ಹತ್ತು ಇಪ್ಪತ್ತು ರೂಪಾಯಿ ಕೂಡಿಸಿ ಸಂಜೆ ತಂದು ಕಟ್ಟುತ್ತಿದ್ದರು.

2016ರ ನವೆಂಬರ್ 8ರಂದು ನೋಟು ರದ್ದಾಯಿತು. ಮರುವರ್ಷ ಜುಲೈನಲ್ಲಿ ಜಿಎಸ್‌ಟಿ ಬಂತು. ಅಂಗಡಿಗಳಲ್ಲಿ ಫೋನಿನಲ್ಲಿಯೇ ಹಣ ಕೊಡುವ ರೂಢಿ ಶುರುವಾಯಿತು. ನಮ್ಮ ಪಿಗ್ಮಿ ಸಂಗ್ರಹ ಇಳಿಯುತ್ತ, ಸುಸ್ತಿ ಸಾಲ ಏರುತ್ತ ಹೋಯಿತು. ಬೆಂಗಳೂರಿನ ಒಂದು ಸಲಹಾ ಸಂಸ್ಥೆಯನ್ನು ಕರೆಸೋಣವೆಂದು 2018ರಲ್ಲಿ ಮಂಡಳಿ ತೀರ್ಮಾನಿಸಿತು. ಬಂದವರು ಇಬ್ಬರು ತರುಣರು. ಅವರಲ್ಲೊಬ್ಬ ಏಳನೆಯ ತರಗತಿಯಲ್ಲಿ ನನ್ನ ಮುಂದೆ ಕೂತು ಗಣಿತ ಕಲಿತವನು! ನನ್ನ ಹೆಮ್ಮೆಗೆ ಪಾರವಿರಲಿಲ್ಲ.

ಅವರು ಬರುವ ಹಿಂದಿನ ದಿನ ಮಂಡಳಿ ರಾತ್ರಿಯವರೆಗೆ ಸಭೆ ಸೇರಿತ್ತು. ಸುಸ್ತಿಯ ಮೂಲ ನಮಗೆಲ್ಲ ಗೊತ್ತಿದ್ದ ವಿಷಯ. ದೊಡ್ಡ ಸಾಲಗಳಲ್ಲಿ ಹಲವು ನಿರ್ದೇಶಕರ ನೆಂಟರಿಷ್ಟರವು. ಅವರು ಕಟ್ಟದಿದ್ದಾಗ ಹೊಸ ಸಾಲ ಮಂಜೂರು ಮಾಡಿ, ಅದರಲ್ಲಿಯೇ ಹಳೆಯದನ್ನು ಮುರಿದುಕೊಂಡು, ಸಾಲ ತೀರಿತೆಂದು ಬರೆಯುವ ಪರಿಪಾಠವಿತ್ತು. ಇದನ್ನು ಬುಕ್ ಅಡ್ಜಸ್ಟ್‌ಮೆಂಟ್ ಎನ್ನುತ್ತಾರೆ. ಆ ಪಟ್ಟಿಯನ್ನು ಹುಡುಗರಿಗೆ ಕೊಡಬೇಕೆ ಎಂಬ ಪ್ರಶ್ನೆ ಬಂತು. "ಮನಿ ಮಾತು ಹೊರಗ್ಯಾಕ?" ಎಂದರೊಬ್ಬರು. ಎಲ್ಲರೂ ಹೌದೆಂದರು. ನಾನು ಹೌದೆನ್ನಲಿಲ್ಲ, ಅಲ್ಲವೆಂದೂ ಎನ್ನಲಿಲ್ಲ. ಮುಂದಿಟ್ಟಿದ್ದ ಚಹಾ ಕುಡಿದು ಮನೆಗೆ ಬಂದೆ.

ಹುಡುಗರು ಹನ್ನೊಂದು ದಿನ ಇದ್ದು ಕಂಪ್ಯೂಟರಿನ ಮುಂದೆ ಕಷ್ಟಪಟ್ಟು ದುಡಿದರು. ಒಂದು ಮಧ್ಯಾಹ್ನ ನನ್ನ ಶಿಷ್ಯ ಒಬ್ಬನೇ ನನ್ನ ಬಳಿ ಬಂದು ಕೂತು, "ಸರ್, ಪುಸ್ತಕದಾಗ ಇಲ್ಲದ್ದು ಏನರ ತೊಂದ್ರಿ ಐತೇನ್ರಿ ಇಲ್ಲಿ?" ಎಂದು ಕೇಳಿದ. ಎಷ್ಟು ಸರಿಯಾದ ಪ್ರಶ್ನೆ! ತರಗತಿಯಲ್ಲಿ ಕೇಳಿದ್ದರೆ ಬೆನ್ನು ತಟ್ಟುತ್ತಿದ್ದೆ. ಅಂದು ನಾನು, "ಎಲ್ಲಾ ಪುಸ್ತಕದಾಗ ಅದ ನೋಡಪಾ" ಎಂದೆ. ನಿಜ ಹೇಳಬೇಕೆಂದು ಮೂವತ್ತೈದು ವರ್ಷ ಮಕ್ಕಳಿಗೆ ಬೋಧಿಸಿದ ಬಾಯಿ ಆಡಿದ ಮಾತದು.

ಅವರು ಕೊಟ್ಟ ವರದಿ ಎಂಬತ್ನಾಲ್ಕು ಪುಟದ್ದು, ಇಂಗ್ಲಿಷಿನಲ್ಲಿತ್ತು. ಪುಸ್ತಕದಲ್ಲಿ ಸಾಲಗಳೆಲ್ಲ ತಕ್ಕಮಟ್ಟಿಗೆ ಸರಿಯಾಗಿಯೇ ಕಂಡದ್ದರಿಂದ ದೋಷವನ್ನು ಅವರು ಖರ್ಚಿನಲ್ಲಿ ಹುಡುಕಿದರು. ಪಿಗ್ಮಿ ಏಜೆಂಟರ ಕಮಿಷನ್ ಹೆಚ್ಚಾಯಿತು, ಮನೆಮನೆ ತಿರುಗುವುದನ್ನು ಕಡಿಮೆ ಮಾಡಿ ಫೋನಿನ ಮೂಲಕ ಠೇವಣಿ ಪಡೆಯಿರಿ ಎಂದು ಬರೆದರು. ನಾಲ್ವರು ಏಜೆಂಟರಲ್ಲಿ ಒಬ್ಬನನ್ನೂ ಅವರು ಮಾತನಾಡಿಸಿರಲಿಲ್ಲ. ಮಂಡಳಿಗೆ ಮಹದಾನಂದವಾಯಿತು. ಕೆಲವರ ಸಾಲ ಹಾಗೇ ಉಳಿಯಿತು, ಬೇರೆಯವರ ಅನ್ನಕ್ಕೆ ಕತ್ತರಿ ಬಿತ್ತು.

ಏಜೆಂಟರಲ್ಲಿ ಹಿರಿಯನೊಬ್ಬನಿದ್ದ. ಆತನ ಚೀಲದಲ್ಲಿ ರೊಕ್ಕವಷ್ಟೇ ಇರುತ್ತಿರಲಿಲ್ಲ, ಊರಿನ ಸಮಾಚಾರವೆಲ್ಲ ಇರುತ್ತಿತ್ತು. ದರ್ಜಿ ಮೂರು ದಿನ ರೊಕ್ಕ ಕೊಡದಿದ್ದರೆ ಅವನ ಮನೆಯಲ್ಲಿ ಯಾರಿಗೆ ಕಾಯಿಲೆಯೆಂದು ವಿಚಾರಿಸಿ ಮ್ಯಾನೇಜರರಿಗೆ ತಿಳಿಸುತ್ತಿದ್ದ. ಯಾವ ಸಾಲ ಮುಳುಗುವ ಹಾದಿಯಲ್ಲಿದೆಯೆಂದು ಅವನಿಗೆ ಎಲ್ಲರಿಗಿಂತ ಮೊದಲೇ ತಿಳಿಯುತ್ತಿತ್ತು. ಕಮಿಷನ್ ಇಳಿದ ಮೂರು ತಿಂಗಳಲ್ಲಿ ಅವನೂ ಇನ್ನೊಬ್ಬನೂ ಕೆಲಸ ಬಿಟ್ಟರು. ಕಾಯಿಪಲ್ಯ ಮಾರುವ ಹೆಣ್ಣುಮಕ್ಕಳ ಕೈಯಲ್ಲಿ ಅಂಥ ಫೋನೂ ಇರಲಿಲ್ಲ, ಫೋನನ್ನು ನಂಬುವ ಮನಸ್ಸೂ ಇರಲಿಲ್ಲ. ಸಂಗ್ರಹ ಮತ್ತಷ್ಟು ಕುಸಿಯಿತು. ಮರುವರ್ಷ ಲೆಕ್ಕ ಪರಿಶೋಧನೆಯಲ್ಲಿ ಅಡ್ಜಸ್ಟ್‌ಮೆಂಟಿನ ಗುಟ್ಟು ಹೊರಬಿತ್ತು. ಠೇವಣಿದಾರರು ಬಾಗಿಲಿಗೆ ಬಂದು ನಿಂತರು. ನಮ್ಮ ಶಾಲೆಯ ನಿವೃತ್ತ ಜವಾನ ಮಗಳ ಮದುವೆಗೆಂದು ಇಟ್ಟ ಹಣ ಅವನಿಗೆ ನಾಲ್ಕು ಕಂತುಗಳಲ್ಲಿ, ಮದುವೆಯಾಗಿ ಎಷ್ಟೋ ತಿಂಗಳ ಮೇಲೆ ದೊರೆಯಿತು. ನಾನಿದ್ದೇನೆಂದು ನಂಬಿ ಅವನು ಅಲ್ಲಿ ಹಣ ಇಟ್ಟಿದ್ದ.

ಸುದ್ದಿ ತಿಳಿದು ಶಿಷ್ಯ ಫೋನು ಮಾಡಿದ. "ಸರ್, ನಾವು ಎಂಬತ್ನಾಕು ಪೇಜ್ ಬರದ್ವಿ. ನೀವು ಒಂದ ಮಾತು ಹೇಳಿದ್ರ ಸಾಕಿತ್ತು" ಎಂದ. ಸಿಟ್ಟಿನಿಂದ ಹೇಳಲಿಲ್ಲ, ಸಿಟ್ಟು ಮಾಡಿದ್ದರೆ ನನಗೆ ಹಗುರಾಗುತ್ತಿತ್ತು. ನನ್ನ ಬಳಿ ಉತ್ತರವಿರಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಅವನೇ, "ನಮ್ಮದೂ ತಪ್ಪದ ಬಿಡ್ರಿ. ಆ ಪಿಗ್ಮಿ ಕಾಕಾನ ಜೋಡಿ ಒಂದಿನ ಓಣಿ ತಿರುಗಬೇಕಿತ್ತು" ಎಂದ. ಮುಂದೆ ನಾನು ಆ ಹಿರಿಯನನ್ನು ಕಂಡು ಕ್ಷಮೆ ಕೇಳಲು ಹೋದಾಗ ಅವನು ಅಂದದ್ದು ಇಷ್ಟೇ: "ನಮ್ಮನ್ನ ಯಾರು ಕೇಳ್ಯಾರ್ರಿ ಗುರುಗಳ?"

ಈ ಪ್ರಸಂಗದ ನಂತರ ನಾನು ಈ ವಿಷಯದ ಬಗ್ಗೆ ಒಂದಿಷ್ಟು ಓದಿದೆ. ಎಡ್ಗರ್ ಶೈನ್ ಎಂಬ ಅಮೆರಿಕದ ವಿದ್ವಾಂಸರು 1969ರಿಂದ ಪ್ರಕಟಿಸಿದ ಗ್ರಂಥಗಳಲ್ಲಿ ಸಲಹೆಗಾರನಿಗೂ ಸಲಹೆ ಪಡೆಯುವವನಿಗೂ ಇರುವ ಸಂಬಂಧವನ್ನು ಮೂರು ಬಗೆಯಾಗಿ ವಿಂಗಡಿಸುತ್ತಾರೆ. ಮೊದಲನೆಯದು ಅಂಗಡಿಯ ಸಂಬಂಧ: ನಮಗೆ ಇಲ್ಲದ ಜ್ಞಾನವನ್ನು ಕೊಂಡು ತರುವುದು. ಎರಡನೆಯದು ವೈದ್ಯನ ಸಂಬಂಧ: ರೋಗವನ್ನೂ ಮದ್ದನ್ನೂ ಅವನೇ ಹೇಳಲಿ ಎನ್ನುವುದು. ಮೂರನೆಯದರಲ್ಲಿ ಸಲಹೆಗಾರ ಜೊತೆಗೆ ಕೂತು, ತೊಂದರೆಯನ್ನು ನಾವೇ ಕಂಡುಕೊಂಡು ನಾವೇ ಬಗೆಹರಿಸಿಕೊಳ್ಳುವಂತೆ ನೆರವಾಗುತ್ತಾನೆ. ಕೊಳ್ಳುವವನಿಗೆ ತನಗೆ ಬೇಕಾದ್ದೇನೆಂದು ತಿಳಿದಿದ್ದರೆ ಮಾತ್ರ ಮೊದಲನೆಯದು ಫಲಿಸುತ್ತದೆ. ರೋಗಿ ನಿಜ ಹೇಳಿದರೆ ಮಾತ್ರ ಎರಡನೆಯದು. ನಾವು ವೈದ್ಯನನ್ನು ಕರೆಸಿ, ನೋವಿನ ಜಾಗವನ್ನು ಬಟ್ಟೆಯಲ್ಲಿ ಮುಚ್ಚಿಕೊಂಡು ಮಲಗಿದ್ದ ರೋಗಿಗಳು. ಮೂರನೆಯದು, ನೋಡಿದರೆ, ಒಳ್ಳೆಯ ಮಾಸ್ತರನ ಕೆಲಸವೇ.

ಇದು ಒಂದು ಸಣ್ಣ ಸಂಘದ ಮಾತಾಯಿತು. ದೊಡ್ಡ ಮಟ್ಟದಲ್ಲಿಯೂ ಕಥೆ ಬೇರೆಯಲ್ಲ. ಡಾ. ಡಿ.ಎಂ. ನಂಜುಂಡಪ್ಪನವರ ಸಮಿತಿ 2002ರಲ್ಲಿ ರಾಜ್ಯ ಸರ್ಕಾರಕ್ಕೆ ಕೊಟ್ಟ ವರದಿ ನಿಮಗೆ ನೆನಪಿರಬಹುದು. ಅದು ವ್ಯಾಪಾರಿ ಸಲಹಾ ಸಂಸ್ಥೆಯಲ್ಲ, ಸರ್ಕಾರವೇ ನೇಮಿಸಿದ ತಜ್ಞರ ಸಮಿತಿ. ಆದರೂ ಕೇಳುವ ಹೇಳುವ ಸಂಬಂಧ ಒಂದೇ. ಮೂವತ್ತೈದು ಸೂಚಕಗಳನ್ನಿಟ್ಟು ಆಗಿನ 175 ತಾಲ್ಲೂಕುಗಳನ್ನು ಅಳೆದು, 114 ಹಿಂದುಳಿದಿವೆ, ಅವುಗಳಲ್ಲಿ 39 ಅತ್ಯಂತ ಹಿಂದುಳಿದಿವೆ ಎಂದು ಸಮಿತಿ ಹೇಳಿತು. ನಮ್ಮ ಯಾದಗಿರಿ, ಶಹಾಪುರ, ಸುರಪುರ ಮೂರೂ ಆ ಮೂವತ್ತೊಂಬತ್ತರಲ್ಲಿ ಇದ್ದವು. ಎಂಟು ವರ್ಷಗಳ ವಿಶೇಷ ಅಭಿವೃದ್ಧಿ ಯೋಜನೆಯನ್ನೂ ಸೂಚಿಸಿತು. ಆ ಯೋಜನೆ ಆರಂಭವಾದದ್ದು 2007-08ರಲ್ಲಿ. ಯಾದಗಿರಿ ಜಿಲ್ಲೆಯಾದದ್ದು 2009ರ ಕೊನೆಯಲ್ಲಿ. 2011ರ ಜನಗಣತಿಯಲ್ಲಿಯೂ ನಮ್ಮ ಜಿಲ್ಲೆಯ ಸಾಕ್ಷರತೆ ಶೇ. 51.83, ರಾಜ್ಯದಲ್ಲಿಯೇ ಕಡೆಯ ಸ್ಥಾನ. ವರದಿ ಅಳತೆ ಮಾಡಿಕೊಟ್ಟಿತು. ಆದರೆ ಖಾಲಿ ಬಿದ್ದ ಶಿಕ್ಷಕರ ಹುದ್ದೆಯನ್ನು ವರದಿ ತುಂಬಲಾರದು. ಹೈದರಾಬಾದಿನಲ್ಲಿ ಸಲಹೆಯ ಹಿಂದೆಯೇ ಅದನ್ನು ಹೊರುವ ಮಂಡಳಿ ಹುಟ್ಟಿತ್ತೆಂಬುದನ್ನು ಇಲ್ಲಿ ನೆನೆಯಬೇಕು.

2018ರಲ್ಲಿ ನೀತಿ ಆಯೋಗದ ಮಹತ್ವಾಕಾಂಕ್ಷೆಯ ಜಿಲ್ಲೆಗಳ ಕಾರ್ಯಕ್ರಮಕ್ಕೆ ರಾಜ್ಯದಿಂದ ಆಯ್ಕೆಯಾದವು ರಾಯಚೂರು ಮತ್ತು ಯಾದಗಿರಿ. ಅಲ್ಲಿ ನಲವತ್ತೊಂಬತ್ತು ಸೂಚಕಗಳು. ದೆಹಲಿಯಲ್ಲಿ ಕೂತ ತಜ್ಞ ನೋಡುವುದು ಅಂಕಿಯನ್ನು. ಆ ಅಂಕಿ ಹುಟ್ಟುವುದು ಶಾಲೆಯಲ್ಲಿ, ಅಂಗನವಾಡಿಯಲ್ಲಿ, ಆರೋಗ್ಯ ಉಪಕೇಂದ್ರದಲ್ಲಿ. ಅಲ್ಲಿರುವವರು ಅಂಜಿ ಚೆಂದದ ಅಂಕಿ ಬರೆದರೆ ಯಾವ ಮಹಾಮೇಧಾವಿಯ ಸಲಹೆಯೂ ತಪ್ಪುತ್ತದೆ. ಈ ಉದ್ಯೋಗಗಳಲ್ಲಿ ನನ್ನ ಎಷ್ಟೋ ವಿದ್ಯಾರ್ಥಿಗಳಿದ್ದೀರಿ. ನಿಮ್ಮ ರಿಜಿಸ್ಟರಿನ ಒಂದು ನಿಜವಾದ ಸಾಲಿನ ಬೆಲೆ ಎಷ್ಟೆಂದು ನಿಮಗೆ ತಿಳಿದಿರಲಿ.

ಹೊರಗಿನವರ ಸಲಹೆಯೇ ಬೇಡವೆಂಬ ವಾದವನ್ನೂ ನಾನು ಒಪ್ಪುವುದಿಲ್ಲ. ನಮ್ಮ ಮಠದ ಜಾತ್ರೆಯ ದಾಸೋಹ ಯಾವ ಕನ್ಸಲ್ಟೆಂಟ್ ಇಲ್ಲದೆಯೂ ನಡೆಯುತ್ತದೆಂದು ಭಾವಮೈದುನ ಅಂದು ವಾದಿಸಿದ. ನಡೆಯುತ್ತದೆ, ನಿಜ. ವರ್ಷವರ್ಷವೂ ಅದೇ ಒಲೆ, ಅದೇ ಕೈ, ಅನುಭವವೇ ಸಾಕು. ಆದರೆ ನೋಟು ರದ್ದಾದಾಗ, ನದಿ ಊರಿಗೆ ನುಗ್ಗಿದಾಗ, ಹಳೆಯ ಅನುಭವಕ್ಕೆ ದಾರಿ ತಿಳಿಯುವುದಿಲ್ಲ. ಹತ್ತು ಊರು ಕಂಡವನು ಆಗ ಬೇಕು. ಒಳಗಿನವರು ದಾಕ್ಷಿಣ್ಯಕ್ಕೆ ಹೇಳಲಾರದ ಕಹಿ ಮಾತನ್ನು ಹೇಳಲಿಕ್ಕೂ ಅವನು ಬೇಕು. ನಮ್ಮ ಸಂಘಕ್ಕೆ ಬೇಕಾಗಿದ್ದದ್ದು ನಿಜವಾಗಿ ಅದೇ ಆಗಿತ್ತು. ನಾವು ಅದೊಂದಕ್ಕೇ ಬಾಗಿಲು ಹಾಕಿದೆವು.

ಆದ್ದರಿಂದ ಸಲಹೆ ಕೇಳುವ ಸ್ಥಾನದಲ್ಲಿರುವ ನನ್ನ ಬಂಧುಗಳಿಗೆ, ಶಿಷ್ಯರಿಗೆ ಮೂರು ಮಾತು. ಕರೆಸುವ ಮುನ್ನ ನಿಮ್ಮ ಪ್ರಶ್ನೆಯನ್ನು ನೀವೇ ಒಂದು ಹಾಳೆಯಲ್ಲಿ, ಕನ್ನಡದಲ್ಲಿ ಬರೆಯಿರಿ; ಬರೆಯಲು ಮುಜುಗರವಾಗುವ ಸಾಲು ಯಾವುದೋ ಅದನ್ನೇ ಮೊದಲು ತೋರಿಸಿರಿ. ಬದಲಾವಣೆಯ ಭಾರ ಯಾರ ಹೆಗಲ ಮೇಲೆ ಬೀಳುತ್ತದೋ ಅವರನ್ನು ಮಾತುಕತೆಗೆ ಕೂರಿಸಿರಿ. ಸಲಹೆಗಾರ ಬಸ್ಸು ಹತ್ತುವ ಮೊದಲೇ ಆ ಕೆಲಸವನ್ನು ಮುಂದೆ ನಡೆಸುವವರು ನಿಮ್ಮಲ್ಲಿ ಯಾರೆಂದು ಗೊತ್ತುಮಾಡಿರಿ. ಹಾಗೆ ಗೊತ್ತುಮಾಡಲು ಆಗದಿದ್ದರೆ ಶುಲ್ಕ ಕೊಡುವುದು ದಂಡ.

ಸಲಹೆ ಹೇಳುವ ಉದ್ಯೋಗದಲ್ಲಿರುವ ಶಿಷ್ಯರಿಗೆ ಒಂದೇ ಮಾತು. ನಿಮಗೆ ಕುರ್ಚಿ ಹಾಕಿ ಚಹಾ ಕೊಟ್ಟವರ ಮಾತನ್ನಷ್ಟೇ ಕೇಳಿ ಬರೆಯಬೇಡಿ. ಆ ಚಹಾ ತಂದವನನ್ನೂ ಕೇಳಿ. ಮತ್ತು ನಿಮ್ಮ ಹಳೆಯ ಮಾಸ್ತರ ಹೇಳಿದನೆಂದು ನಂಬಬೇಡಿ. ಮಾಸ್ತರರೂ ಸುಳ್ಳು ಹೇಳುತ್ತಾರೆ.

ಆ ಸಂಘ ಮುಚ್ಚಲಿಲ್ಲ. ಶಿಷ್ಯ ರಜೆ ಹಾಕಿ ಎರಡು ಸಲ ಬಂದ, ಒಂದು ಪೈಸೆಯನ್ನೂ ತೆಗೆದುಕೊಳ್ಳಲಿಲ್ಲ. ಮ್ಯಾನೇಜರ್, ಉಳಿದ ಏಜೆಂಟರು, ನಾವು ಕೆಲವರು ಕೂತು, ನಿಜವಾದ ಸಾಲದ ಪಟ್ಟಿ ಮುಂದಿಟ್ಟುಕೊಂಡು, ಯಾರಿಂದ ಎಷ್ಟು ವಸೂಲಾಗಬಹುದೆಂದು ಬರೆದೆವು. ಈ ಸಲ ಅದು ಎರಡೇ ಪುಟವಾಯಿತು, ಕನ್ನಡದಲ್ಲಿ. ಕೆಲವು ನೆಂಟಸ್ತಿಕೆಗಳು ಕೆಟ್ಟವು. ಠೇವಣಿದಾರರ ಹಣ ನಿಧಾನವಾಗಿ ಹಿಂತಿರುಗಿತು. ನಾನು ಮಂಡಳಿಗೆ ರಾಜೀನಾಮೆ ಕೊಟ್ಟೆ.

ಆ ಹಿರಿಯ ಏಜೆಂಟ ಮಾತ್ರ ಮತ್ತೆ ಚೀಲ ಹಿಡಿಯಲಿಲ್ಲ. ಸಂತೆಯ ದಿನ ಎದುರಾದರೆ ಈಗಲೂ ಮೊದಲಿನಂತೆಯೇ ಕೈಮುಗಿದು "ಶರಣ್ರೀ ಗುರುಗಳ" ಎನ್ನುತ್ತಾನೆ. ನಾನೂ ಕೈಮುಗಿಯುತ್ತೇನೆ. ಅವನಿಗಿಂತ ಮೊದಲು ಮುಗಿಯಬೇಕೆಂದು ಪ್ರತಿಸಲ ಅಂದುಕೊಳ್ಳುತ್ತೇನೆ. ಇನ್ನೂ ಒಮ್ಮೆಯೂ ಸಾಧ್ಯವಾಗಿಲ್ಲ.